ಸಹಾಯ ಬೇಕು: ಓಡುವ ಹಳೇ ರೇಸ್ ಕಾರಿನ ಮೂತಿ ಶಾರ್ಪ್, ಹಿಂಭಾಗ ಮಸುಕು

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಗುಡ್‌ವುಡ್ ರಿವೈವಲ್ ಅನ್ನೋ ಹಳೇ ಕಾರುಗಳ ರೇಸ್ ಉತ್ಸವದಲ್ಲಿ ತೆಗೆದ ಫೋಟೋಗಳ ಬಗ್ಗೆ ಕೇಳುತ್ತಿದ್ದೇನೆ. ಆ ಟ್ರ್ಯಾಕ್‌ನಲ್ಲಿ 1948ರಿಂದ 1966ರವರೆಗೆ ರೇಸ್ ನಡೆಯುತ್ತಿತ್ತು, ಈಗ ಅದೇ ಕಾಲದ ಕಾರುಗಳು ಮತ್ತೆ ಅಲ್ಲಿ ಓಡುತ್ತವೆ. ತೆಳ್ಳನೆ ಟೈರು, ತಂತಿ ಕಡ್ಡಿಯ ಚಕ್ರ. ಮೇಲೆ ಮುಚ್ಚಿಗೆ ಇಲ್ಲದ ಕಾರಾದರೆ ತಿರುವಿನಲ್ಲಿ ಸ್ಟಿಯರಿಂಗ್ ಜೊತೆ ಗುದ್ದಾಡುವ ಚಾಲಕನ ಮೊಣಕೈ ಕೂಡ ಕಾಣುತ್ತದೆ. ನನಗೆ ಬೇಕಾಗಿರುವುದು ಆ ಗುದ್ದಾಟವೇ.

ಮೊದಲು ಶಟರ್ ವೇಗ 1/2000 ಸೆಕೆಂಡ್ ಇಟ್ಟೆ. ಕಾರು ಸ್ಪಷ್ಟವಾಗಿ ಬಂತು, ಆದರೆ ಕಡ್ಡಿ ಎಣಿಸಬಹುದು ಅನ್ನುವಷ್ಟು ಚಕ್ರ ನಿಂತುಬಿಟ್ಟಿತ್ತು. ಸುಮ್ನೆ ಪಾರ್ಕ್ ಮಾಡಿದ ಹಾಗೆ. ಆಮೇಲೆ 1/125ಕ್ಕೆ ಇಳಿಸಿ ಪ್ಯಾನಿಂಗ್ ಮಾಡಿದೆ, ಅಂದರೆ ಓಡುವ ಕಾರಿನ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ಕ್ಲಿಕ್ ಮಾಡಿದೆ. ಚಕ್ರ ತಿರುಗಿತು, ಹಿಂದಿನ ಹುಲ್ಲು ಗೆರೆ ಗೆರೆಯಾಯಿತು. ಆದರೆ ಮೂತಿಯ ಮೇಲಿನ ನಂಬರ್ ಚೆನ್ನಾಗಿ ಓದಬಹುದು, ಚಾಲಕನ ಹೆಲ್ಮೆಟ್ಟಿನಿಂದ ಹಿಂದಕ್ಕೆ ಎಲ್ಲಾ ಕದಡಿಹೋಗಿದೆ. 1/60ರಲ್ಲಿ ಇನ್ನೂ ಜಾಸ್ತಿ.

ಕೈ ಮಾತ್ರವಲ್ಲ, ಸೊಂಟದಿಂದಲೇ ಮೈ ತಿರುಗಿಸಿ ಪ್ರಯತ್ನಿಸಿದೆ. ಕ್ಲಿಕ್ ಆದ ಮೇಲೂ ಕ್ಯಾಮೆರಾ ನಿಲ್ಲಿಸಲಿಲ್ಲ. ಲೆನ್ಸಿನ ಸ್ಟೆಬಿಲೈಸರ್ (ಕೈ ನಡುಕ ಸರಿದೂಗಿಸುವ ವ್ಯವಸ್ಥೆ) ಪ್ಯಾನಿಂಗ್ ಮೋಡ್‌ನಲ್ಲೇ ಇತ್ತು, ಫೋಕಸ್ ಬಿಂದು ಹೆಲ್ಮೆಟ್ ಮೇಲೆ. ಬಿಸಿಲಿಗೆ ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್/16ರಷ್ಟು ಚಿಕ್ಕದಾಗಿತ್ತು, ಹಾಗಾಗಿ ಫೋಕಸ್ ಆಳ (ಸ್ಪಷ್ಟವಾಗಿ ಕಾಣುವ ದೂರದ ವ್ಯಾಪ್ತಿ) ಕಡಿಮೆಯಾಯಿತು ಅನ್ನೋ ಹಾಗೂ ಇಲ್ಲ ಅಲ್ವಾ? ಒಂದು ವಿಷಯ ಗಮನಿಸಿದೆ: ಈ ಮಸುಕಾದವೆಲ್ಲಾ ಬೇಲಿ ಹತ್ತಿರ ನಿಂತು, ಜೂಮ್ 70 ಎಂಎಂನಲ್ಲಿಟ್ಟು ತೆಗೆದವು. ದೂರದಿಂದ 300 ಎಂಎಂನಲ್ಲಿ ತೆಗೆದ ನಾಲ್ಕೈದು ಫೋಟೋಗಳಲ್ಲಿ ಕಾರು ಪೂರ್ತಿ ಸ್ಪಷ್ಟವಾಗಿದೆ.

ನನ್ನ ಪ್ರಶ್ನೆ ಇಷ್ಟೇ: ಹತ್ತಿರದಿಂದ ಪ್ಯಾನ್ ಮಾಡಿದರೆ ಕಾರಿನ ಒಂದು ಭಾಗ ಮಾತ್ರ ಶಾರ್ಪ್ ಬರುವುದು ಸಹಜವೇ, ಅಥವಾ ನನ್ನ ಕೈ ತಿರುಗುವ ವೇಗ ತಪ್ಪಾಗಿದೆಯೇ? ಸಹಜ ಅನ್ನುವುದಾದರೆ, ಆ ಶಾರ್ಪ್ ಭಾಗವನ್ನು ಮೂತಿಯಿಂದ ಚಾಲಕನ ಮುಖಕ್ಕೆ ತರುವುದು ಹೇಗೆ?