ಆಫೀಸ್ ಪಿಸಿಗೆ ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಬಹುದು? (ಪವರ್ ಸಪ್ಲೈ 260 ವ್ಯಾಟ್)

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಒಂದು ಹಳೇ ಬ್ರಾಂಡೆಡ್ ಆಫೀಸ್ ಪಿಸಿ ತಗೊಂಡೆ. ಐ5-8500 ಪ್ರೊಸೆಸರ್, 16 ಜಿಬಿ ರ‍್ಯಾಮ್. ಉಳಿದ ಕೆಲಸಕ್ಕೆಲ್ಲ ಚೆನ್ನಾಗೇ ಇದೆ, ಆದರೆ ಜಿಟಿಎ 5 ಆಟ ಹಾಕಿದರೆ ಕಾರು ತಿರುಗಿಸಿದಾಗಲೆಲ್ಲ ಚಿತ್ರ ತಡವರಿಸುತ್ತದೆ. ನಾನು, ತಮ್ಮ ಇಬ್ಬರೂ ಇದರಲ್ಲೇ ಆಡುತ್ತೇವೆ. ಮಾನಿಟರ್ 1080ಪಿ.

ಗೆಳೆಯ ಒಬ್ಬ ತನ್ನ ಹಳೇ ಆರ್‌ಎಕ್ಸ್ 580 (8 ಜಿಬಿ) ಕಾರ್ಡ್ 6,000 ರೂಪಾಯಿಗೆ ಕೊಡುತ್ತೇನೆ ಅಂತಿದ್ದಾನೆ. ಅದಕ್ಕೆ 8 ಪಿನ್ ಪವರ್ ಕೇಬಲ್ ಬೇಕು, ನನ್ನ ಪಿಸಿಯಲ್ಲಿ ಅದಿಲ್ಲ. "ಡಿಸ್ಕ್‌ಗೆ ಕರೆಂಟ್ ಕೊಡುವ ಸಾಟಾ ಕೇಬಲ್‌ಗೆ ಕನ್ವರ್ಟರ್ ಹಾಕು, ನಡೆಯುತ್ತೆ" ಅಂತಾನೆ. ನಡೆಯುತ್ತಾ? ಹೆಚ್ಚೆಂದರೆ 18,000 ಹಾಕಬಲ್ಲೆ.

ವೋಲ್ಟೇಜ್_ವಾಸು:
ದಯವಿಟ್ಟು ಆ ಕನ್ವರ್ಟರ್ ಹಾಕಬೇಡಿ. ನಾನು ಹಾಕಿ ನೋಡಿದವನು. ಅಂಗಡಿಯವರು ಏನೂ ಆಗಲ್ಲ ಅಂದಿದ್ದರು. ಮೂರನೇ ದಿನ ಆಟದ ಮಧ್ಯೆ ಪಿಸಿ ಆಫ್ ಆಯಿತು, ಪಕ್ಕದ ಬಾಗಿಲು ತೆಗೆದರೆ ಪ್ಲಾಸ್ಟಿಕ್ ಸುಟ್ಟ ವಾಸನೆ, ಹಳದಿ ವೈರ್ ಕನೆಕ್ಟರ್ ಒಳಗೆ ಕರಗಿ ಅಂಟಿಕೊಂಡಿತ್ತು. ಒಂದು ಸಾಟಾ ಕನೆಕ್ಟರ್ 12 ವೋಲ್ಟ್‌ನಲ್ಲಿ ಕೊಡಬಲ್ಲದ್ದು ಸುಮಾರು 54 ವ್ಯಾಟ್. 8 ಪಿನ್ ಅಂದರೆ 150 ವ್ಯಾಟ್. ಲೆಕ್ಕ ನೀವೇ ನೋಡಿ.

ಕೇಬಲ್ ಇದ್ದಿದ್ದರೂ ಕಷ್ಟವೇ. ಆರ್‌ಎಕ್ಸ್ 580 ಒಂದಕ್ಕೇ 185 ವ್ಯಾಟ್, ಪ್ರೊಸೆಸರ್‌ಗೆ 65, ಅಲ್ಲಿಗೇ 250 ಆಯಿತು. ಫ್ಯಾನು, ಡಿಸ್ಕು, ಬೋರ್ಡು ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ನಿಮಗೆ ಬೇಕಾಗಿರುವುದು ಬೋರ್ಡ್‌ನಲ್ಲಿ ತಾನು ಕೂರುವ ಸ್ಲಾಟ್‌ನಿಂದಲೇ ಕರೆಂಟ್ ತಗೊಳ್ಳುವ ಕಾರ್ಡ್. ಸ್ಲಾಟ್ 75 ವ್ಯಾಟ್ ತನಕ ಕೊಡುತ್ತದೆ. ಅದರೊಳಗೆ ನನ್ನ ಮಾತು ಆರ್‌ಟಿಎಕ್ಸ್ 3050, 6 ಜಿಬಿಯದು. 70 ವ್ಯಾಟ್, ಬೇರೆ ಕೇಬಲ್ ಬೇಡ. ಅಂಗಡಿಯಲ್ಲಿ ಸುಮ್ನೆ "3050 ಕೊಡಿ" ಅನ್ನಬೇಡಿ, 8 ಜಿಬಿಯದು ಬೇರೆಯೇ ಕಾರ್ಡ್, ಅದಕ್ಕೆ 130 ವ್ಯಾಟ್ ಬೇಕು.

ರಾತ್ರಿಪಾಳಿ:
ನಾನು ಅಷ್ಟು ಒಪ್ಪಲ್ಲ. 18,000 ಇದೆ ಅಂದಮೇಲೆ ಒಳ್ಳೇ 450 ವ್ಯಾಟ್ ಸಪ್ಲೈ ಒಂದು, ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 6600 ಒಂದು ಹುಡುಕಬಹುದು. 132 ವ್ಯಾಟ್ ಅಷ್ಟೇ, ಆದರೆ 3050ಕ್ಕಿಂತ ಎಷ್ಟೋ ಜೋರು. ನನ್ನ ಹತ್ತಿರ ಎರಡು ವರ್ಷದಿಂದ ಇದೆ, 1080ಪಿಯಲ್ಲಿ ಇವತ್ತಿಗೂ ಸಾಕಾಗುತ್ತಿದೆ.

ವೋಲ್ಟೇಜ್_ವಾಸು:
ಕಾರ್ಡ್ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಸಪ್ಲೈ ಬದಲಾಯಿಸುವುದರಲ್ಲಿ. ಬ್ರಾಂಡೆಡ್ ಆಫೀಸ್ ಪಿಸಿಗಳ ಬೋರ್ಡ್‌ನಲ್ಲಿ ಎಷ್ಟೋ ಸಲ ಮಾಮೂಲಿ 24 ಪಿನ್ ಇರುವುದಿಲ್ಲ, ಸಪ್ಲೈ ಡಬ್ಬಿಯ ಅಳತೆಯೂ ಬೇರೆ, ಹಾಗಾಗಿ ಮಾಮೂಲಿ ಸಪ್ಲೈ ನೇರ ಕೂರುವುದಿಲ್ಲ. ತುಂಗಾತೀರ ಅವರೇ, ಬಾಗಿಲು ತೆಗೆದು ಬೋರ್ಡ್‌ಗೆ ಹೋಗುವ ದೊಡ್ಡ ಕನೆಕ್ಟರ್‌ನ ಪಿನ್ ಎಣಿಸಿ ಹೇಳಿ. ಹಾಗೇ ಸ್ಲಾಟ್ ಹಿಂದಿನ ತಗಡಿನ ಪಟ್ಟಿಯ ಉದ್ದವನ್ನೂ ಸ್ಕೇಲ್ ಇಟ್ಟು ನೋಡಿ. 12 ಸೆಂ.ಮೀ. ಇದ್ದರೆ ಮಾಮೂಲಿ ಕಾರ್ಡ್, 8 ಇದ್ದರೆ ಲೋ ಪ್ರೊಫೈಲ್ (ಗಿಡ್ಡ) ಕಾರ್ಡೇ ಬೇಕು.

ಎಸ್‌ಪಿರೋಡ್_ಸುತ್ತಾಟ:
ಹಳೇ ಕಾರ್ಡ್ ತಗೊಳ್ಳುವವರಿಗೆಲ್ಲ ಒಂದು ಮಾತು. ಆರ್‌ಎಕ್ಸ್ 580 ಹೆಸರಲ್ಲೇ 2048 ಎಸ್‌ಪಿ ಅಂತ ಇನ್ನೊಂದು ಓಡಾಡುತ್ತದೆ, ಒಳಗೆ ಅದು ಹೆಚ್ಚುಕಮ್ಮಿ ಅದಕ್ಕಿಂತ ಕೆಳಗಿನ 570. ಕಾರ್ಡ್ ವಿವರ ತೋರಿಸುವ ಜಿಪಿಯು-ಝಡ್ ಆ್ಯಪ್ ತೆರೆದು ಶೇಡರ್ಸ್ (ಚಿತ್ರ ಬಿಡಿಸುವ ಘಟಕಗಳು) ಅನ್ನುವ ಕಡೆ ನೋಡಿ, ನಿಜವಾದ 580ಯಲ್ಲಿ 2304 ಇರುತ್ತದೆ. ಈ ಕಾರ್ಡ್‌ಗಳು ಕ್ರಿಪ್ಟೊ ಮೈನಿಂಗ್‌ನಲ್ಲಿ ಹಗಲೂರಾತ್ರಿ ದುಡಿದವು ಬೇರೆ. ದುಡ್ಡು ಕೊಡುವ ಮುಂಚೆ ಅರ್ಧ ಗಂಟೆ ಆಟ ಓಡಿಸಿ, ಬೆರಳಲ್ಲಿ ಫ್ಯಾನ್ ತಿರುಗಿಸಿ ನೋಡಿ, ಗರಗರ ಅಂದರೆ ಬೇಡ.

ಆರ್‌ಎಕ್ಸ್ 6400 ಅಂತ ಯಾರಾದರೂ ಹೇಳಿದರೆ ಅದೂ ಬೇಡ. ಅದಕ್ಕಿರುವುದು ನಾಲ್ಕೇ ಲೇನ್ (ಬೋರ್ಡ್ ಜೊತೆ ಡೇಟಾ ಓಡಾಡುವ ದಾರಿ), ನಿಮ್ಮದು ಹಳೇ, ನಿಧಾನದ ಪಿಸಿಐಇ 3.0 ಬೋರ್ಡ್, ಮೆಮೊರಿಯೂ 4 ಜಿಬಿಯೇ. ದೊಡ್ಡ ಆಟಗಳಲ್ಲಿ ತುಂಬಾ ಹಿಂದೆ ಬೀಳುತ್ತದೆ.

ತುಂಗಾತೀರ:
ಬಾಗಿಲು ತೆಗೆದು ನೋಡಿದೆ. ಬೋರ್ಡ್‌ಗೆ ಹೋಗುವುದು 6 ಪಿನ್ ಅಷ್ಟೇ! ಪಟ್ಟಿ 12 ಸೆಂ.ಮೀ. ಇದೆ, ಕೆಳಗಿನ ಸ್ಲಾಟ್ ಕೂಡ ಖಾಲಿ, ದಪ್ಪ ಕಾರ್ಡ್‌ಗೂ ಜಾಗ ಇದೆ. ಗೆಳೆಯನಿಗೆ ಬೇಡ ಅಂದುಬಿಟ್ಟೆ. 3050 6 ಜಿಬಿಗೇ ಹೋಗುತ್ತೇನೆ. ವಾಸು ಸರ್, ತುಂಬಾ ಉಪಕಾರ ಆಯಿತು, ಆ ಕನ್ವರ್ಟರ್ ಆಗಲೇ ಕಾರ್ಟ್‌ನಲ್ಲಿತ್ತು.

ವೋಲ್ಟೇಜ್_ವಾಸು:
ಒಳ್ಳೇದಾಯಿತು. ಡಬ್ಬಿ ಮೇಲಿನ ಚಿತ್ರದಲ್ಲಿ ಪವರ್ ಪಿನ್ ಇಲ್ಲ ಅಂತ ಇನ್ನೊಮ್ಮೆ ನೋಡಿಕೊಳ್ಳಿ. ಹಾಕಿದ ಮೇಲೆ ಮಾನಿಟರ್ ಕೇಬಲ್ ಅನ್ನು ಬೋರ್ಡ್‌ನಿಂದ ಕಿತ್ತು ಕಾರ್ಡ್‌ಗೇ ಚುಚ್ಚಿ, ಎಷ್ಟೋ ಜನ ಇದನ್ನೇ ಮರೆತು ಕಾರ್ಡ್ ಸರಿಯಿಲ್ಲ ಅಂತ ವಾಪಸ್ ಒಯ್ಯುತ್ತಾರೆ. ತಮ್ಮ ಮೊದಲು ಯಾವ ಆಟ ಹಾಕಿದ ಅಂತ ಬಂದು ಹೇಳಿ.