ದೊಡ್ಡ ಮನೆತನ, ಒಳಗೊಂದು ಗುಟ್ಟು: ಇಂಥ ಪತ್ತೇದಾರಿ ಕಾದಂಬರಿ ಯಾವುದಿದೆ ಹೇಳಿ

ಮಳೆಹುಳ:
ಸ್ಟೀಗ್ ಲಾರ್ಸನ್ ಬರೆದ 'ದ ಗರ್ಲ್ ವಿತ್ ದ ಡ್ರ್ಯಾಗನ್ ಟ್ಯಾಟೂ' ಈಗಷ್ಟೇ ಮುಗಿಸಿದೆ. ಎರಡು ರಾತ್ರಿ ನಿದ್ದೆ ಹಾಳು. ಎಲ್ಲರೂ ಆ ಹ್ಯಾಕರ್ ಹುಡುಗಿಯ ಬಗ್ಗೆ ಮಾತಾಡುತ್ತಾರೆ, ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಆ ವಾಂಗರ್ ಮನೆತನ. ಸ್ವೀಡನ್ನಿನ ಒಂದು ದ್ವೀಪ, ಕಾರ್ಖಾನೆ ದುಡ್ಡು, ಒಬ್ಬರ ಮುಖ ಕಂಡರೆ ಒಬ್ಬರಿಗಾಗದ ದಾಯಾದಿಗಳು, ಆದರೂ ಅಕ್ಕಪಕ್ಕದಲ್ಲೇ ಮನೆ. 1966ರಲ್ಲಿ ಮನೆಯ ಹುಡುಗಿಯೊಬ್ಬಳು ಕಾಣೆಯಾಗುತ್ತಾಳೆ. ಆಮೇಲೆ ಪ್ರತಿ ವರ್ಷ ಆ ಮನೆತನದ ಹಿರಿಯ ಮುದುಕನ ಹುಟ್ಟುಹಬ್ಬಕ್ಕೆ ಅಂಚೆಯಲ್ಲಿ ಒಂದು ಒಣಗಿದ ಹೂವು, ಗಾಜಿನ ಚೌಕಟ್ಟಿನೊಳಗೆ. ಕಳಿಸಿದವರ ಹೆಸರಿಲ್ಲ. ಅವನು ಅದನ್ನೆಲ್ಲ ಗೋಡೆಗೆ ನೇತುಹಾಕಿಕೊಂಡು ಕೂತಿದ್ದಾನೆ. ಅಬ್ಬಾ!
ಇಂಥದ್ದೇ ಬೇಕು. ಗುಂಡು, ಚೇಸು ಬೇಡ. ಕನ್ನಡದಲ್ಲಿದ್ದರೆ ಇನ್ನೂ ಒಳ್ಳೆಯದು. ಕೊಲೆಗಾರ ಯಾರು ಅಂತ ಮಾತ್ರ ದಯವಿಟ್ಟು ಹೇಳಬೇಡಿ.

ಹಳೇಕಾಗದ:
ವಿಲ್ಕಿ ಕಾಲಿನ್ಸ್‌ನ 'ದ ಮೂನ್‌ಸ್ಟೋನ್', 1868ರದ್ದು. ಹಳೇದು ಅಂತ ಬಿಡಬೇಡಿ, ಯಾಕೆಂದರೆ ಅದು ಶುರುವಾಗುವುದೇ ನಮ್ಮ ಶ್ರೀರಂಗಪಟ್ಟಣದಲ್ಲಿ! 1799, ಕೋಟೆ ಬಿದ್ದ ದಿನ. ಲೂಟಿ ಮಾಡಿದರೆ ನೇಣು ಅಂತ ಜನರಲ್ ಬೇರ್ಡ್ ಸಾರಿಸಿದ್ದರೂ ಒಬ್ಬ ಇಂಗ್ಲಿಷ್ ಅಧಿಕಾರಿ ಟಿಪ್ಪುವಿನ ಆಯುಧಶಾಲೆಗೆ ನುಗ್ಗಿ, ಕಾವಲಿದ್ದವರನ್ನು ಕೊಂದು, ಕಠಾರಿಯ ಹಿಡಿಯಲ್ಲಿದ್ದ ವಜ್ರ ಹೊಡೆದುಕೊಂಡು ಹೋಗುತ್ತಾನೆ. ವಜ್ರ ಕಟ್ಟುಕಥೆ, ಲೂಟಿ ಮಾತ್ರ ನಿಜ. ಟಿಪ್ಪುವಿನ ಮರದ ಹುಲಿ ಇವತ್ತೂ ಲಂಡನ್ನಿನ ಮ್ಯೂಸಿಯಂನಲ್ಲಿದೆ ಅಲ್ವಾ?
ಐವತ್ತು ವರ್ಷದ ಮೇಲೆ ಆ ವಜ್ರ ಇಂಗ್ಲೆಂಡಿನ ಮನೆಯೊಂದರಲ್ಲಿ ಆ ಅಧಿಕಾರಿಯ ಸೊಸೆಗೆ, ಅಂದರೆ ತಂಗಿಯ ಮಗಳಿಗೆ, ಹದಿನೆಂಟನೇ ಹುಟ್ಟುಹಬ್ಬದ ಉಡುಗೊರೆಯಾಗಿ ಸಿಗುತ್ತದೆ. ಅವತ್ತು ರಾತ್ರಿಯೇ ಮಾಯ. ಬಾಗಿಲಿಗೆ ಹೊಸದಾಗಿ ಬಳಿದ ಬಣ್ಣ ಒಂದು ಕಡೆ ಸ್ವಲ್ಪ ಒರೆಸಿಹೋಗಿದೆ. ಸ್ಥಳೀಯ ಪೊಲೀಸ್ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಲಂಡನ್ನಿನಿಂದ ಬಂದ ಕಫ್ ಅನ್ನುವವನು, ಗುಲಾಬಿ ಗಿಡದ ಹುಚ್ಚ, ಅಲ್ಲಿಂದಲೇ ಶುರು ಮಾಡುತ್ತಾನೆ: ಯಾರ ಬಟ್ಟೆಗೆ ಬಣ್ಣ ಹತ್ತಿದೆ? ಮನೆಯವರು ಬಾಯಿ ಬಿಡುವುದಿಲ್ಲ. ಇಷ್ಟೇ ಹೇಳುತ್ತೇನೆ. ನಡುವೆ ಸ್ವಲ್ಪ ಎಳೆತ ಇದೆ, ಸಹಿಸಿಕೊಳ್ಳಿ.

ಚಹಾಪುಡಿ:
ಅಗಾಥಾ ಕ್ರಿಸ್ಟಿಯ 'ಕ್ರೂಕೆಡ್ ಹೌಸ್', 1949. ಅವಳ ಮಾಮೂಲಿ ಪತ್ತೇದಾರರಾದ ಪ್ವಾರೋನೂ ಇಲ್ಲ, ಮಿಸ್ ಮಾರ್ಪಲ್ಲೂ ಇಲ್ಲ. ಮುದುಕ ಯಜಮಾನನ ಇನ್ಸುಲಿನ್ ಬಾಟಲಿಯಲ್ಲಿ ಯಾರೋ ಅವನದೇ ಕಣ್ಣಿನ ಔಷಧಿ ತುಂಬಿಟ್ಟಿದ್ದಾರೆ. ಮೂರು ತಲೆಮಾರು ಒಂದೇ ಸೂರಿನಡಿ. ಮಜಾ ಏನು ಗೊತ್ತಾ, ಮುದುಕನ ಎಳೇ ವಯಸ್ಸಿನ ಎರಡನೇ ಹೆಂಡತಿಯೇ ಕೊಲೆಗಾರ್ತಿ ಆಗಿಬಿಟ್ಟರೆ ಸಾಕು ಅಂತ ಮನೆಮಂದಿಗೆಲ್ಲ ಆಸೆ. ಅವಳು ಹೊರಗಿನವಳು, ಅವಳ ತಲೆಗೆ ಕಟ್ಟಿದರೆ ಮನೆತನದ ಮಾನ ಉಳಿಯಿತಲ್ಲ!
ನಾನು ಇದನ್ನು ಗ್ರಂಥಾಲಯದಿಂದ ತಂದಿದ್ದೆ. ನನಗಿಂತ ಮುಂಚೆ ಓದಿದ ಪುಣ್ಯಾತ್ಮ ನಲವತ್ತನೇ ಪುಟದಲ್ಲಿ ಕೊಲೆಗಾರರ ಹೆಸರಿಗೆ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ 'ಇವರೇ' ಅಂತ ಬರೆದಿಟ್ಟಿದ್ದ. ಸುಮ್ನೆ ಕೀಟಲೆ ಅಂದುಕೊಂಡು ನಂಬದೆ ಓದಿದೆ. ನಿಜವಾಗಿತ್ತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಗೋಡೆಗಡಿಯಾರ:
ಕನ್ನಡ ಕೇಳಿದಿರಲ್ಲ, ವಿವೇಕ ಶಾನಭಾಗರ 'ಘಾಚರ್ ಘೋಚರ್' ಓದಿ. ಚಿಕ್ಕ ಪುಸ್ತಕ, ಒಂದೇ ಕೂತಲ್ಲಿ ಮುಗಿಯುತ್ತದೆ. ಬೆಂಗಳೂರಿನ ಮನೆ, ಚಿಕ್ಕಪ್ಪನ ಮಸಾಲೆ ಪುಡಿ ವ್ಯಾಪಾರದಿಂದ ಒಮ್ಮೆಲೇ ದುಡ್ಡು. ಒಂದು ದಿನ ಯಾರೋ ಹೆಂಗಸು ಚಿಕ್ಕಪ್ಪನನ್ನು ಹುಡುಕಿಕೊಂಡು ಅವನಿಗಿಷ್ಟದ ಬೇಳೆ ಸಾರು ಹಿಡಿದು ಬಾಗಿಲಿಗೆ ಬರುತ್ತಾಳೆ. ಮನೆಯ ಹೆಂಗಸರು ಅವಳನ್ನು ಅಟ್ಟುವ ರೀತಿ ನೋಡಿ. ಅವಳು ಯಾರು ಅಂತ ಚಿಕ್ಕಪ್ಪನನ್ನು ಯಾರೂ ಕೇಳುವುದಿಲ್ಲ. ಅನ್ನ ಹಾಕುವವನು ಅವನು ತಾನೇ?

ಹಳೇಕಾಗದ:
@ಗೋಡೆಗಡಿಯಾರ ಅದು ಪತ್ತೇದಾರಿ ಹೇಗಾಗುತ್ತದೆ? ಪತ್ತೆ ಮಾಡುವವನೇ ಇಲ್ಲ.

ಗೋಡೆಗಡಿಯಾರ:
ಅದಕ್ಕೇ ಹೇಳಿದ್ದು! ನಿಮ್ಮ ಕಥೆಗಳಲ್ಲಿ ಹೊರಗಿನಿಂದ ಒಬ್ಬ ಬರುತ್ತಾನೆ, ಪ್ರಶ್ನೆ ಕೇಳುತ್ತಾನೆ, ಗುಟ್ಟು ಬಯಲಾಗುತ್ತದೆ. ಇಲ್ಲಿ ಕಥೆ ಹೇಳುವವನೇ ಮನೆಯ ಮಗ, ಕೆಲಸ ಮಾಡದೆ ಸಂಬಳ ಎಣಿಸುವವನು. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಕಾಫಿ ಹೌಸಿನಲ್ಲಿ ಕೂತಿರುತ್ತಾನೆ. ಪತ್ತೇದಾರ ನೀವೇ ಆಗಬೇಕು. ಮನೆಗೆ ನುಗ್ಗಿದ ಇರುವೆಗಳನ್ನು ಅವರು ಕೊಲ್ಲುವ ಭಾಗ ಬಂದಾಗ ನಿಧಾನ ಓದಿ, ನನಗಂತೂ ಕೊನೆ ಪುಟ ಮುಗಿದ ಮೇಲೆ ಅದು ಮತ್ತೆ ನೆನಪಾಗಿ ಮೈ ಜುಮ್ಮೆಂದಿತು.

ಚಹಾಪುಡಿ:
ಇಬ್ಬರ ಜಗಳದಲ್ಲಿ ನನಗೊಂದು ಪುಸ್ತಕ ಸಿಕ್ಕಿತು. ಥ್ಯಾಂಕ್ಸ್ :)

ಮಳೆಹುಳ:
ಎಲ್ಲರಿಗೂ ಥ್ಯಾಂಕ್ಸ್. 'ಘಾಚರ್ ಘೋಚರ್' ಅಕ್ಕನ ಮನೆಯಲ್ಲಿದೆಯಂತೆ, ಭಾನುವಾರ ತರುತ್ತೇನೆ. ಅಲ್ಲಿಯವರೆಗೆ 'ಮೂನ್‌ಸ್ಟೋನ್'. ಈಗಷ್ಟೇ ಮೊದಲ ಅಧ್ಯಾಯ ಓದಿದೆ. ಮೈಸೂರಿಗೆ ಹೋಗುವಾಗೆಲ್ಲ ಆ ಕೋಟೆ ಪಕ್ಕದಲ್ಲೇ ಬಸ್ಸಿನಲ್ಲಿ ನಿದ್ದೆ ಹೊಡೆದುಕೊಂಡು ಹೋಗುತ್ತಿದ್ದೆ. ಕ್ರಿಸ್ಟಿ ಮಾತ್ರ ಗ್ರಂಥಾಲಯದಿಂದ ತರಲ್ಲ, ಕೊಂಡೇ ಓದುತ್ತೇನೆ.