ಲೈಸೆನ್ಸ್ ಇರುವ ಗಾಂಜಾ ಅಂಗಡಿಯಲ್ಲಿ ಕೆಲಸ: ಗ್ರೀನ್ ಕಾರ್ಡ್ ಇದ್ದವರು ಸೇರಬಹುದಾ?

ತುಂಗಾತೀರ (ಸಿಯಾಟಲ್): ನನ್ನ ತಮ್ಮನಿಗೆ ಇಲ್ಲಿನ ಗಾಂಜಾ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿದೆ. ಅವನು ಸೇದುವವನಲ್ಲ. ಅಂಗಡಿಗೆ ರಾಜ್ಯದ ಲೈಸೆನ್ಸ್ ಇದೆ. ವಾಷಿಂಗ್ಟನ್ ರಾಜ್ಯದ ಜನ 2012ರಲ್ಲೇ ಮತ ಹಾಕಿ ಇದನ್ನು ಒಪ್ಪಿದ್ದಾರೆ. ಅವನದು ಗ್ರೀನ್ ಕಾರ್ಡ್. ತೊಂದರೆ ಇಲ್ಲ ಅಲ್ವಾ?

ಕಾನೂನು ಕನ್ನಡತಿ: ದಯವಿಟ್ಟು ಬೇಡ. 1970ರ ಫೆಡರಲ್ (ಅಂದರೆ ಕೇಂದ್ರ ಸರ್ಕಾರದ) ಕಾನೂನು ಗಾಂಜಾವನ್ನು ಹೆರಾಯಿನ್ ಜೊತೆ ಮಾದಕ ವಸ್ತುಗಳ ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಗೇ ಸೇರಿಸಿತು. ಪೌರತ್ವ ಕೊಡುವುದು ಫೆಡರಲ್ ಸರ್ಕಾರ, ರಾಜ್ಯವಲ್ಲ. ರಾಜ್ಯದಲ್ಲಿ ಸಕ್ರಮವಾಗಿದ್ದರೂ ಈ ಉದ್ಯಮದಲ್ಲಿ ದುಡಿದವರಿಗೆ ‘ಸನ್ನಡತೆ’ ಇಲ್ಲವೆಂದು ಪೌರತ್ವ ನಿರಾಕರಿಸಬಹುದು ಅಂತ ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲೇ ತಿಳಿಸಿದೆ. ಸೇದದಿದ್ದರೂ ಅಷ್ಟೇ.

ಹಳೇಮೈಸೂರು (ಡೆನ್ವರ್): ಇದೆಂಥ ನ್ಯಾಯ? ನಮ್ಮ ಕೊಲೊರಾಡೊದಲ್ಲಿ 2014ರ ಜನವರಿ 1ರಿಂದ ರಾಜಾರೋಷವಾಗಿ ಮಾರುತ್ತಿದ್ದಾರೆ. ಆದಾಯ ತೆರಿಗೆಯನ್ನು ಫೆಡರಲ್ ಸರ್ಕಾರವೂ ವಸೂಲಿ ಮಾಡುತ್ತದೆ. ಅದೂ ಹೇಗೆ? ಮೊದಲ ಎರಡು ಪಟ್ಟಿಯ ಮಾಲು ಮಾರುವವರು ಅಂಗಡಿ ಬಾಡಿಗೆ, ಕೆಲಸದವರ ಸಂಬಳವನ್ನು ಖರ್ಚಲ್ಲಿ ತೋರಿಸುವ ಹಾಗಿಲ್ಲ ಅನ್ನುತ್ತದೆ ತೆರಿಗೆ ಕಾನೂನಿನ 280ಇ. ದುಡ್ಡು ಬೇಕು, ದುಡಿದವನು ಮಾತ್ರ ಬೇಡ!

ಶರಾವತಿ (ಡಲ್ಲಾಸ್): ಕೋಪ ಸರಿ, ಆದರೆ ರಾಜ್ಯಕ್ಕೊಂದು ಕಾನೂನು ಅಂದರೆ ಪಕ್ಕದವರ ಗತಿ? ಕೊಲೊರಾಡೊದ ಮಾಲು ಗಡಿ ದಾಟಿ ಬರುತ್ತಿದೆ ಅಂತ ನೆಬ್ರಾಸ್ಕ, ಒಕ್ಲಹೋಮ ಸುಪ್ರೀಂ ಕೋರ್ಟಿಗೆ ಹೋದವು. 2016ರಲ್ಲಿ ಕೋರ್ಟು ದೂರನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಎರಡು ಮಕ್ಕಳ ತಾಯಿಯಾಗಿ ನನಗೆ ದೇಶಕ್ಕೆಲ್ಲ ಒಂದೇ ನಿಯಮ ಬೇಕು.

ಕಾನೂನು ಕನ್ನಡತಿ: ಕ್ಯಾಲಿಫೋರ್ನಿಯಾದ ಒಂದು ಪ್ರಕರಣ ಕೇಳಿ. ಬೆನ್ನುನೋವಿನ ಮಹಿಳೆಯೊಬ್ಬರು ವೈದ್ಯರ ಸಲಹೆಯಂತೆ ಮನೆಯಲ್ಲಿ ಆರು ಗಿಡ ಬೆಳೆಸಿದ್ದರು. 2002ರಲ್ಲಿ ಅಧಿಕಾರಿಗಳು ಬಂದರು. ಕೌಂಟಿಯವರು, ಅಂದರೆ ಸ್ಥಳೀಯ ಪೊಲೀಸರು ನೋಡಿ, ‘ನಮ್ಮ ಕಾನೂನಿನಲ್ಲಿ ಇದು ಸರಿಯಿದೆ’ ಅಂದರು. ಜೊತೆಗಿದ್ದ ಫೆಡರಲ್ ಅಧಿಕಾರಿಗಳು ಕೇಳಲಿಲ್ಲ. ಮೂರು ಗಂಟೆ ಜಗ್ಗಾಟ ನಡೆದು, ಕೊನೆಗೆ ಆರೂ ಗಿಡ ನಾಶ ಮಾಡಿದರು. 2005ರಲ್ಲಿ ಸುಪ್ರೀಂ ಕೋರ್ಟು 6–3ರ ಬಹುಮತದಲ್ಲಿ ಫೆಡರಲ್ ಸರ್ಕಾರದ ಪರ ನಿಂತಿತು. ಆದರೆ ಫೆಡರಲ್ ಕಾನೂನು ಜಾರಿ ಮಾಡಿ ಅಂತ ರಾಜ್ಯದ ಪೊಲೀಸರನ್ನು ಒತ್ತಾಯಿಸುವ ಹಾಗೂ ಇಲ್ಲ. ಹಾಗಾಗಿ ಎರಡೂ ಕಾನೂನು ಜೀವಂತ.

ಹಳೇಮೈಸೂರು: ಮೂರನೇ ಪಟ್ಟಿಗೆ ಇಳಿಸುವ ಪ್ರಸ್ತಾಪ 2024ರಲ್ಲಿ ಬಂತಲ್ಲ, ಅದರಿಂದ ಸರಿಹೋಗಲ್ವಾ?

ಕಾನೂನು ಕನ್ನಡತಿ: ತೆರಿಗೆಯ ಹೊರೆ ಇಳಿಯುತ್ತದೆ. ವಲಸಿಗರ ಪಾಡು ಬದಲಾಗಲ್ಲ. ಯಾವ ಪಟ್ಟಿಯಲ್ಲಿದ್ದರೂ ಅದು ನಿಯಂತ್ರಿತ ಮಾದಕ ವಸ್ತುವೇ.

ಶರಾವತಿ: ಇದು ಮಾತ್ರ ನನಗೂ ಸರಿ ಕಾಣಲ್ಲ. ಅಂಗಡಿ ಮಾಲೀಕ ಅಮೆರಿಕದ ಪ್ರಜೆಯಾದರೆ ಪೌರತ್ವದ ಭಯವೇ ಇಲ್ಲ. ಲೆಕ್ಕ ಬರೆದ ಹುಡುಗನಿಗೆ ಶಿಕ್ಷೆ.

ತುಂಗಾತೀರ: ಅವನು ಆಗಲೇ ಎರಡು ದಿನ ತರಬೇತಿಗೆ ಹೋಗಿ ಬಂದಿದ್ದಾನೆ, ಮೇಡಂ. ಈಗೇನು ಮಾಡೋದು?

ಕಾನೂನು ಕನ್ನಡತಿ: ನಾಳೆಯಿಂದ ಹೋಗೋದು ಬೇಡ. ವಲಸೆ ವಕೀಲರನ್ನು ಕಂಡು ಎಲ್ಲ ಹೇಳಲಿ. ಅಲ್ಲಿಯವರೆಗೆ ದೇಶ ಬಿಟ್ಟು ಪ್ರಯಾಣ ಮಾಡದಿರಲಿ, ಪೌರತ್ವದ ಅರ್ಜಿಯನ್ನೂ ಹಾಕದಿರಲಿ. ಮುಂದೆ ಅಧಿಕಾರಿ ಕೇಳಿದರೆ ಸುಳ್ಳು ಹೇಳಲೇಬಾರದು. ಅದು ಇದಕ್ಕಿಂತ ದೊಡ್ಡ ತಪ್ಪಾಗುತ್ತದೆ.